ಸ್ಪ್ಯಾನಿಷ್: ಪೆದಿರ್, ಪ್ರೆಗುಂತಾರ್ ಎರಡೂ 'ಕೇಳು' ಅಲ್ವಾ? ಯಾವುದನ್ನು ಯಾವಾಗ ಬಳಸಬೇಕು?

ದಾವಣಗೆರೆ ಹುಡುಗಿ (ವೆಲೆನ್ಸಿಯಾ):

ಎಲ್ಲರಿಗೂ ನಮಸ್ಕಾರ. ಗಂಡನ ಕೆಲಸಕ್ಕೆ ಅಂತ ಸ್ಪೇನಿನ ವೆಲೆನ್ಸಿಯಾಗೆ ಬಂದು ಎಂಟು ತಿಂಗಳಾಯಿತು. ಮಗಳು ಇಲ್ಲೇ ಒಂದನೇ ಕ್ಲಾಸು. ನಾನು ವಾರಕ್ಕೆ ಎರಡು ಸಂಜೆ ಸ್ಪ್ಯಾನಿಷ್ ಕ್ಲಾಸಿಗೆ ಹೋಗುತ್ತೇನೆ. ಈಗ ಎ2, ಅಂದರೆ ಕಲಿಕೆಯ ಎರಡನೇ ಹಂತ. ಪುಸ್ತಕದಲ್ಲಿ ಓದಿದಾಗ ಎಲ್ಲ ಅರ್ಥವಾಗುತ್ತದೆ. ಬಾಯಿ ಬಿಟ್ಟರೆ ಮಾತ್ರ ಬೇರೆ ಕ್ರಿಯಾಪದ ಬಂದುಬಿಡುತ್ತದೆ. ಒಂದೇ ತಿಂಗಳಲ್ಲಿ ಮೂರು ಸಲ ಹೀಗಾಯಿತು.

ಮೊದಲನೆಯದು ರುಸಾಫಾ ಮಾರ್ಕೆಟ್ಟಿನಲ್ಲಿ. ಹಣ್ಣಿನಂಗಡಿಯಾಕೆಗೆ 'ಪ್ರೆಗುಂತೊ ದೊಸ್ ಕಿಲೊಸ್ ದೆ ನರಾಂಹಾಸ್' ಅಂದೆ. ಎರಡು ಕಿಲೋ ಕಿತ್ತಳೆ ಕೇಳುತ್ತಿದ್ದೇನೆ ಅನ್ನೋದು ನನ್ನ ಮನಸ್ಸಿನಲ್ಲಿ. ಅವರು 'ದೀಮೆ' ಅಂದರು, ಹೇಳು ಅಂತ. ಆಮೇಲೆ ಸುಮ್ನೆ ನನ್ನ ಮುಖ ನೋಡುತ್ತಾ ನಿಂತರು. ನಾನು ಏನೋ ಪ್ರಶ್ನೆ ಕೇಳುತ್ತೇನೆ ಅಂತ ಕಾಯುತ್ತಿದ್ದರು ಅಂತ ಮನೆಗೆ ಬಂದ ಮೇಲೆ ಹೊಳೆಯಿತು. ಆ ಹೊತ್ತಿಗೆ ನನ್ನ ಹಿಂದೆ ನಾಲ್ಕು ಜನ ನಿಂತಿದ್ದರು. ಬೆರಳು ತೋರಿಸಿ ತಂದೆ.

ಎರಡನೆಯದು ಮಗಳ ಗೆಳತಿಯ ಅಮ್ಮನ ಜೊತೆ. ಇಬ್ಬರೂ ಪಾರ್ಕಿಗೆ ಹೊರಟಿದ್ದೆವು. ರೆಡಿನಾ ಅಂತ ಕೇಳೋಕೆ 'ಎರೆಸ್ ಲಿಸ್ತಾ?' ಅಂದೆ. ಆಕೆಯ ಮುಖ ಸ್ವಲ್ಪ ಬದಲಾಯಿತು. ನೀನು ಬುದ್ಧಿವಂತೆನಾ ಅಂತ ಕೇಳಿದ ಹಾಗಾಯಿತಂತೆ. 'ಎಸ್ತಾಸ್ ಲಿಸ್ತಾ' ಅನ್ನಬೇಕಿತ್ತು.

ಮೂರನೆಯದು ಮೇಲಿನ ಮನೆಯ ಅಜ್ಜಿ. ತುಂಬ ಒಳ್ಳೆಯವರು, ಒಬ್ಬರೇ ಇದ್ದಾರೆ. ಮೆಟ್ಟಿಲ ಮೇಲಿಂದ ನನ್ನನ್ನು ಕೂಗಿದರು. 'ಬಂದೆ ಬಂದೆ' ಅನ್ನೋಕೆ 'ಬೆಂಗೊ, ಬೆಂಗೊ' ಅಂದೆ. ಹಾಗಲ್ಲ, 'ಬೊಯ್' ಅನ್ನು ಅಂತ ತಿದ್ದಿದರು. 'ಬೊಯ್' ಅಂದರೆ ಹೋಗುತ್ತೇನೆ ಅಂತ ಅಲ್ವಾ? ಅವರ ಹತ್ತಿರ ಬರುವಾಗ ಹೋಗುತ್ತೇನೆ ಅಂತ ಯಾಕೆ ಹೇಳಬೇಕು?

ನನ್ನ ನೋಟ್‌ಬುಕ್ಕಿನಲ್ಲಿ ಎಲ್ಲದಕ್ಕೂ ಇಂಗ್ಲಿಷ್ ಅರ್ಥ ಬರೆದುಕೊಂಡಿದ್ದೇನೆ. ಸೆರ್, ಎಸ್ತಾರ್ ಎರಡರ ಮುಂದೆಯೂ ಒಂದೇ ಪದ, 'ಟು ಬಿ'. ಸಾಬೆರ್, ಕೊನೊಸೆರ್ ಮುಂದೆಯೂ ಒಂದೇ ಪದ, 'ಟು ನೋ' (ತಿಳಿ). ಪೆದಿರ್, ಪ್ರೆಗುಂತಾರ್ ಕತೆಯೂ ಅದೇ. ನೀವೆಲ್ಲ ಇದನ್ನು ಹೇಗೆ ನೆನಪಿಟ್ಟುಕೊಂಡಿರಿ? ದಯವಿಟ್ಟು ಹೇಳಿ.

ಮೈಸೂರು ಟೀಚರ್:

ನಾನು ಸ್ಪೇನಿನ ಸೆವಿಯಾದಲ್ಲಿ ಆರು ವರ್ಷ ಇದ್ದವಳು. ಈಗ ಮೈಸೂರಿನಲ್ಲಿ ಮನೆಯಲ್ಲೇ ಸ್ಪ್ಯಾನಿಷ್ ಹೇಳಿಕೊಡುತ್ತೇನೆ. ನೀವು ಬರೆದ ಮೂರೂ ತಪ್ಪನ್ನು ನಾನೂ ಮಾಡಿದ್ದೇನೆ, ನನ್ನ ಹತ್ತಿರ ಕಲಿಯಲು ಬರುವ ಮಕ್ಕಳೂ ಮಾಡುತ್ತಾರೆ.

ಮೊದಲು ಆ ನೋಟ್‌ಬುಕ್ಕಿನ ಇಂಗ್ಲಿಷ್ ಅರ್ಥಗಳ ಮೇಲೆ ಗೀಟು ಎಳೆಯಿರಿ. ಪಕ್ಕದಲ್ಲಿ ಒಂದೊಂದು ಕನ್ನಡ ವಾಕ್ಯ ಬರೆಯಿರಿ. ಬರೀ ಪದ ಸಾಲದು. ಮನೆಯಲ್ಲಿ ನೀವು ಆಡುವ ವಾಕ್ಯವೇ ಬೇಕು. ಇಂಗ್ಲಿಷಿನಲ್ಲಿ ಒಂದೇ ಪದ ಇರುವ ಎಷ್ಟೋ ಕಡೆ ಕನ್ನಡದಲ್ಲಿ ಎರಡು ಇವೆ, ಸ್ಪ್ಯಾನಿಷ್‌ನಲ್ಲೂ ಎರಡು ಇವೆ. ನಿಮ್ಮ ಎರಡನೇ ತಪ್ಪು ಅಂಥದ್ದು. ಕನ್ನಡದಲ್ಲಿ ಯೋಚಿಸಿದ್ದರೆ ಅದು ಆಗುತ್ತಿರಲಿಲ್ಲ. ಒಂದು, ಮೂರು ಮಾತ್ರ ಬೇರೆ. ಅಲ್ಲಿ ಕನ್ನಡವೂ ದಾರಿ ತಪ್ಪಿಸುತ್ತದೆ.

ಸೆರ್, ಎಸ್ತಾರ್‌ನಿಂದ ಶುರು ಮಾಡೋಣ. ಸೆರ್ ಶಾಶ್ವತಕ್ಕೆ, ಎಸ್ತಾರ್ ತಾತ್ಕಾಲಿಕಕ್ಕೆ ಅಂತ ನಿಮಗೂ ಹೇಳಿರುತ್ತಾರೆ. ಆ ನಿಯಮ ನನಗೆ ಇಷ್ಟವಿಲ್ಲ. ಸತ್ತವರ ಬಗ್ಗೆ 'ಎಸ್ತಾ ಮುಎರ್ತೊ' ಅನ್ನುತ್ತಾರೆ, ಅದು ಎಸ್ತಾರ್. ಸಾವು ತಾತ್ಕಾಲಿಕವೇ? ಈಗ ಮೂರು ಗಂಟೆ ಅನ್ನೋಕೆ 'ಸೊನ್ ಲಾಸ್ ತ್ರೆಸ್', ಅದು ಸೆರ್. ಮೂರು ಗಂಟೆ ಶಾಶ್ವತವೇ?

ಕನ್ನಡದವರಿಗೆ ಇದಕ್ಕಿಂತ ಒಳ್ಳೆಯ ದಾರಿ ಇದೆ. ವಾಕ್ಯವನ್ನು 'ಇಲ್ಲ' ಅಂತ ಮುಗಿಸುತ್ತೀರಾ, 'ಅಲ್ಲ' ಅಂತ ಮುಗಿಸುತ್ತೀರಾ ನೋಡಿ. ಅವನು ಡಾಕ್ಟರ್ ಅಲ್ಲ. ಇದು ನನ್ನ ಚೀಲ ಅಲ್ಲ. ಅವಳು ಜಾಣೆ ಅಲ್ಲ. ಇವೆಲ್ಲ ಸೆರ್: 'ನೊ ಎಸ್'. ಅವನು ಮನೆಯಲ್ಲಿ ಇಲ್ಲ. ಕಾಫಿ ಬಿಸಿ ಇಲ್ಲ. ಅವಳು ಇನ್ನೂ ರೆಡಿ ಇಲ್ಲ. ಇವೆಲ್ಲ ಎಸ್ತಾರ್: 'ನೊ ಎಸ್ತಾ'. ಕನ್ನಡದ ಮಗು ಮೂರು ವರ್ಷಕ್ಕೇ ಅಲ್ಲ, ಇಲ್ಲ ಬೇರೆ ಮಾಡಿ ಹೇಳುತ್ತದೆ. ನಿಮ್ಮ ಪಾರ್ಕಿನ ಪ್ರಶ್ನೆಯನ್ನೇ ತಗೊಳ್ಳಿ. 'ರೆಡಿ ಇದ್ದೀರಾ?' ಅಂತ ಮನಸ್ಸಿನಲ್ಲಿ ಬಂದಿದ್ದರೆ ಆ 'ಇದ್ದೀರಾ' ನೇರ 'ಎಸ್ತಾಸ್' ಆಗುತ್ತಿತ್ತು.

ಪದ ಒಂದೇ ಇದ್ದು, ಇವೆರಡರಿಂದ ಅರ್ಥ ಬದಲಾಗುವ ಜೋಡಿಗಳೂ ಹೀಗೇ ಬಿಡಿಸಿಕೊಳ್ಳುತ್ತವೆ. 'ಎಸ್ ಅಬುರ್ರಿದೊ' ಅಂದರೆ ಅವನು ಬೋರು ಹೊಡೆಸುವ ಮನುಷ್ಯ. 'ಎಸ್ತಾ ಅಬುರ್ರಿದೊ' ಅಂದರೆ ಅವನಿಗೆ ಬೋರಾಗಿದೆ. ಬಾಳೆಹಣ್ಣನ್ನು 'ಎಸ್ತಾ ವೆರ್ದೆ' ಅಂದರೆ ಇನ್ನೂ ಕಾಯಿ ಇದೆ ಅಂತ. ಮಾರ್ಕೆಟ್ಟಿನಲ್ಲಿ ಇದು ಉಪಯೋಗಕ್ಕೆ ಬರುತ್ತದೆ. ಇನ್ನೊಂದರಲ್ಲಿ ಎಚ್ಚರ ಇರಲಿ. ಯಾರನ್ನಾದರೂ ಒಳ್ಳೆಯವರು ಅನ್ನಬೇಕಾದರೆ 'ಎಸ್ ಬುಎನಾ ಪೆರ್ಸೊನಾ' ಅನ್ನಿ. ಹೆಂಗಸನ್ನು 'ಎಸ್ತಾ ಬುಎನಾ' ಅಂದರೆ ಅವಳ ಮೈಕಟ್ಟಿನ ಬಗ್ಗೆ ಹೇಳಿದ ಹಾಗೆ. ಆ ಅಜ್ಜಿಯ ಬಗ್ಗೆ ಮಾತಾಡುವಾಗ ಇದು ನೆನಪಿರಲಿ.

ಇಲ್ಲಿ ಮೂರನೆಯದೂ ಒಂದಿದೆ, 'ಐ'. ಇಲ್ಲಿ ಹತ್ತಿರ ಯಾವುದಾದರೂ ಬ್ಯಾಂಕ್ ಇದೆಯಾ ಅಂದರೆ 'ಐ'. ಆ ಬ್ಯಾಂಕ್ ಎಲ್ಲಿದೆ ಅಂದರೆ 'ಎಸ್ತಾ'. ಕನ್ನಡ ಎರಡಕ್ಕೂ 'ಇದೆ' ಅನ್ನುತ್ತದೆ. 'ಯಾವುದಾದರೂ' ಸೇರಿಸಿದರೆ ವಾಕ್ಯ ಸರಿ ಕೇಳುತ್ತದೆಯಾ ನೋಡಿ. ಕೇಳಿದರೆ 'ಐ'.

ಈಗ ಸಾಬೆರ್, ಕೊನೊಸೆರ್. (ವೆಲೆನ್ಸಿಯಾದಲ್ಲಿ ನಿಮಗೆ 'ಕೊನೊಥೆರ್' ಅಂತ ಜಾಸ್ತಿ ಕೇಳಿಸಬಹುದು. ನನ್ನ ನಾಲಿಗೆ ಸೆವಿಯಾದ್ದು, ಅಲ್ಲಿ 'ಸ' ಅನ್ನುತ್ತಾರೆ.) ಈ ಜೋಡಿ ನನಗೆ ಬಹಳ ಪ್ರೀತಿ. 'ಅಂತ ಗೊತ್ತು' ಅನ್ನುವ ಕಡೆ ಸಾಬೆರ್. ಅಂಗಡಿ ಎಲ್ಲಿದೆ ಅಂತ ಗೊತ್ತು, ಅವನು ಬರಲ್ಲ ಅಂತ ಗೊತ್ತು. 'ಬರುತ್ತೆ' ಅನ್ನುವ ಕಡೆಯೂ ಸಾಬೆರ್. ನನಗೆ ಈಜು ಬರುತ್ತೆ, 'ಸೆ ನದಾರ್'. ಪರಿಚಯ ಅನ್ನಬಹುದಾದ ಕಡೆ ಕೊನೊಸೆರ್. ಊರಿನ ವಿಷಯದಲ್ಲಿ ಅದನ್ನು 'ನೋಡಿದ್ದೀನಿ' ಅಂತ ತಿಳಿಯಿರಿ. 'ಕೊನೊಸೆಸ್ ಗ್ರಾನಾದಾ?' ಅಂದರೆ ಗ್ರಾನಾದಾ ನೋಡಿದ್ದೀಯಾ ಅಂತ. ಅಲ್ಲಿಗೆ ಹೋಗಿದ್ದರೆ ಮಾತ್ರ ಹೌದು ಅನ್ನಿ.

ಇದರ ಭೂತಕಾಲ ಬಂದಾಗ ಇಂಗ್ಲಿಷಿನಲ್ಲಿ ಓದಿದವರು ಒದ್ದಾಡುತ್ತಾರೆ. 'ಸಬಿಯಾ' ಒಂದು, 'ಸುಪೆ' ಇನ್ನೊಂದು. ಕನ್ನಡದಲ್ಲಿ ಹೇಳಿ ನೋಡಿ. ಸಬಿಯಾ ಅಂದರೆ ಗೊತ್ತಿತ್ತು. ಸುಪೆ ಅಂದರೆ ಗೊತ್ತಾಯಿತು. ಕೊನೊಸಿಯಾ ಅಂದರೆ ಪರಿಚಯ ಇತ್ತು. ಕೊನೊಸಿ ಅಂದರೆ ಪರಿಚಯ ಆಯಿತು. ನನ್ನ ಪುಸ್ತಕದಲ್ಲಿ ಇದಕ್ಕೆ ಎರಡು ಪುಟದ ವಿವರಣೆ ಇತ್ತು. ಅದನ್ನು ಮೂರು ಸಲ ಓದಿದೆ, ತಲೆಗೆ ಹತ್ತಲಿಲ್ಲ. ಒಂದು ದಿನ ಫೋನಿನಲ್ಲಿ ಅಮ್ಮ 'ಇವತ್ತು ಗೊತ್ತಾಯ್ತು ಕಣೆ, ನಿಮ್ಮಪ್ಪಂಗೆ ಮೊದಲೇ ಗೊತ್ತಿತ್ತಂತೆ' ಅಂದಳು. ಯಾವ ವಿಷಯಕ್ಕೆ ಅಂದಳೋ ಈಗ ನೆನಪಿಲ್ಲ. ಫೋನ್ ಇಟ್ಟ ಮೇಲೆ ಆ ಎರಡು ಪುಟ ಮತ್ತೆ ತೆಗೆಯಬೇಕಾಗಲಿಲ್ಲ.

ಇನ್ನು ನಿಮ್ಮ ಕಿತ್ತಳೆ. 'ಕೇಳು' ಅನ್ನುವುದು ನಮ್ಮಲ್ಲಿ ದೊಡ್ಡ ಚೀಲ. ಸ್ಪ್ಯಾನಿಷ್‌ನವರ ನಾಲ್ಕು ಪದ ಅದರೊಳಗಿವೆ. ಪ್ರಶ್ನೆ ಕೇಳಿದರೆ ಪ್ರೆಗುಂತಾರ್. ವಸ್ತು ಕೇಳಿದರೆ, ಸಹಾಯ ಕೇಳಿದರೆ, ಕ್ಷಮೆ ಕೇಳಿದರೆ, ಹೋಟೆಲಿನಲ್ಲಿ ಊಟ ಹೇಳಿದರೆ ಪೆದಿರ್. ಕಿವಿಗೆ ಬಿದ್ದರೆ ಓಯಿರ್. ಕಿವಿಗೊಟ್ಟು ಕೇಳಿದರೆ ಎಸ್ಕುಚಾರ್. ಕೊನೆಯ ಎರಡಕ್ಕೆ ಚಿಂತೆ ಬೇಡ, ಕೇಳಿಸು ಅನ್ನೋದು ಓಯಿರ್. ಮೊದಲೆರಡಕ್ಕೆ ಹೀಗೆ ಮಾಡಿ. ಕೇಳಿದ್ದಕ್ಕೆ ಎದುರಿನವರು ಬಾಯಲ್ಲಿ ಉತ್ತರ ಕೊಡಬೇಕಾ, ಕೈಯಲ್ಲಿ ಏನಾದರೂ ಕೊಡಬೇಕಾ? ಬಾಯಲ್ಲಾದರೆ ಪ್ರೆಗುಂತಾರ್, ಕೈಯಲ್ಲಾದರೆ ಪೆದಿರ್. ಯಾರದಾದರೂ ಯೋಗಕ್ಷೇಮ ವಿಚಾರಿಸಿದರೆ 'ಪ್ರೆಗುಂತಾರ್ ಪೊರ್'.

ಆದರೆ ಅಂಗಡಿಯಲ್ಲಿ ಇವೆರಡೂ ಬೇಡ. ದಾವಣಗೆರೆಯ ಮಾರ್ಕೆಟ್ಟಿನಲ್ಲಿ ನೀವು ಏನು ಹೇಳುತ್ತೀರಿ? 'ಎರಡು ಕೆಜಿ ಹಾಕಿ' ಅಲ್ವಾ? ಸ್ಪೇನಿನವರೂ ಅದನ್ನೇ ಹೇಳುತ್ತಾರೆ. 'ಪೊನ್ಮೆ ದೊಸ್ ಕಿಲೊಸ್'. ಪೊನೆರ್ ಅಂದರೆ ಹಾಕು, ಇಡು. ಸ್ವಲ್ಪ ಮರ್ಯಾದೆ ಸೇರಿಸಬೇಕಾದರೆ 'ಪೊಂಗಾಮೆ'.

ಕೊನೆಗೆ ಆ 'ಬಂದೆ ಬಂದೆ'. ನಾವು ಕೇಳುವವರ ಕಡೆಯಿಂದ ಮಾತಾಡುತ್ತೇವೆ. ಅವರಿಗೆ ನಾನು ಬರುತ್ತಿದ್ದೇನೆ, ಹಾಗಾಗಿ ಬಂದೆ. ಸ್ಪ್ಯಾನಿಷ್‌ನವರು ತಾವು ನಿಂತ ನೆಲದಿಂದ ಮಾತಾಡುತ್ತಾರೆ. ನಾನು ಇಲ್ಲಿಂದ ಹೊರಟೆ, ಹಾಗಾಗಿ ಬೊಯ್. ವಸ್ತುಗಳಿಗೂ ಇದೇ ಲೆಕ್ಕ. 'ನಿಮ್ಮನೆಗೆ ಸಿಹಿ ತರ್ತೀನಿ' ಅನ್ನುವಾಗ ತ್ರಾಯೆರ್ (ತರು) ಬರಲ್ಲ, ಯೆವಾರ್ (ತಗೊಂಡು ಹೋಗು) ಬೇಕು. ನಾನಿರುವ ಜಾಗಕ್ಕೆ ಬರುವುದೆಲ್ಲ ಬೆನಿರ್, ತ್ರಾಯೆರ್. ನಾನಿರುವ ಜಾಗದಿಂದ ಹೋಗುವುದೆಲ್ಲ ಇರ್, ಯೆವಾರ್. ಇದನ್ನು ಮಾತ್ರ ಕಾಲಿನಿಂದ ಕಲಿಯಬೇಕು. ಹೇಳುವ ಮುಂಚೆ ನನ್ನ ಕಾಲು ಎಲ್ಲಿದೆ ಅಂತ ಒಂದು ಸಲ ನೋಡಿಕೊಳ್ಳಿ.

ನನಗೆ ಬಹಳ ಕಷ್ಟವಾದದ್ದು ಹೊರಡುವಾಗಿನ ಮಾತು. ನಾವು 'ಬರ್ತೀನಿ' ಅಂತಲೇ ಹೊರಡುವವರು. ಯಾರ ಮನೆಯಿಂದಲೂ 'ಹೋಗ್ತೀನಿ' ಅಂದು ಎದ್ದವಳಲ್ಲ ನಾನು. ಅಲ್ಲಿ 'ಮೆ ಬೊಯ್' ಅನ್ನಬೇಕು, ನಾನು ಹೊರಟೆ ಅಂತ. ತಿಂಗಳುಗಟ್ಟಲೆ ಅದು ಬಾಯಿಗೆ ಬರಲಿಲ್ಲ. 'ಆಸ್ತಾ ಲುಎಗೊ' ಅಂದು ತಪ್ಪಿಸಿಕೊಳ್ಳುತ್ತಿದ್ದೆ. ಆಮೇಲೆ ಸಿಗೋಣ ಅಂತ ಅದರ ಅರ್ಥ. ನೀವೂ ಬೇಕಾದರೆ ಹಾಗೇ ಮಾಡಿ, ತಪ್ಪೇನಿಲ್ಲ.

ಗ್ವಾದಲಹಾರ ಕನ್ನಡಿಗ:

ಟೀಚರ್ ಬರೆದದ್ದು ಓದಿ ಖುಷಿಯಾಯಿತು. ಆದರೆ ಅಲ್ಲ, ಇಲ್ಲ ನಿಯಮವನ್ನು ಹಾಗೇ ನಂಬಿದರೆ ಒಂದೆರಡು ಕಡೆ ಬೀಳುತ್ತೇವೆ. ನಾನು ಮೆಕ್ಸಿಕೋಗೆ ಬಂದು ನಾಲ್ಕು ವರ್ಷ, ಸಾಫ್ಟ್‌ವೇರ್ ಕೆಲಸ. 'ಅವಳು ಎತ್ತರ ಇಲ್ಲ' ಅಂತ ನಾವು ಆರಾಮಾಗಿ ಹೇಳುತ್ತೇವೆ. ಸ್ಪ್ಯಾನಿಷ್‌ನಲ್ಲಿ ಅದು 'ನೊ ಎಸ್ ಆಲ್ತಾ', ಸೆರ್. ನಾನು ಎಸ್ತಾರ್ ಹಾಕಿ ತಿದ್ದಿಸಿಕೊಂಡಿದ್ದೇನೆ. ಇನ್ನೊಂದು, 'ಮೀಟಿಂಗ್ ಮೂರನೇ ರೂಮಿನಲ್ಲಿ ಇದೆ'. ಇಲ್ಲೂ ಸೆರ್ ಬೇಕು, 'ಲಾ ರೆಉನಿಯೊನ್ ಎಸ್'. ರೂಮು ಎಲ್ಲಿದೆ ಅಂದರೆ ಮಾತ್ರ 'ಎಸ್ತಾ'.

ಅಕ್ಕ, ನಿಮಗೆ ನನ್ನ ಕಡೆಯಿಂದ ಇನ್ನೊಂದು. ಕ್ರಿಯಾಪದದ ಬಾಲಕ್ಕೆ 'ಸೆ' ಅಂಟಿದ ಜೋಡಿಗಳು ನಿಮ್ಮನ್ನು ಕಾಡುತ್ತಿರಬೇಕು. ಪೊನೆರ್, ಪೊನೆರ್ಸೆ. ಲವಾರ್, ಲವಾರ್ಸೆ. ಕೆದಾರ್, ಕೆದಾರ್ಸೆ. ನಮ್ಮ 'ಕೊಳ್ಳು' ಇದೆಯಲ್ಲ, ಅದೇ ಇದು. ಪೊನೆರ್ ಹಾಕು, ಪೊನೆರ್ಸೆ ಹಾಕಿಕೊಳ್ಳು. ಲವಾರ್ ತೊಳೆ, ಲವಾರ್ಸೆ ತೊಳೆದುಕೊಳ್ಳು. ಕೆದಾರ್ ಉಳಿ, ಕೆದಾರ್ಸೆ ಉಳಿದುಕೊಳ್ಳು. 'ಕೆದಾನ್ ದೊಸ್' ಅಂದರೆ ಎರಡು ಉಳಿದಿವೆ. 'ಮೆ ಕೆದೊ ಆಕಿ' ಅಂದರೆ ನಾನು ಇಲ್ಲೇ ಉಳಿದುಕೊಳ್ಳುತ್ತೇನೆ. ಇರ್ಸೆ, ದೊರ್ಮಿರ್ಸೆ ಇದಕ್ಕೆ ಹೊಂದುವುದಿಲ್ಲ. ದೊರ್ಮಿರ್ ಅಂದರೆ ನಿದ್ದೆ ಮಾಡು. ದೊರ್ಮಿರ್ಸೆ ಅಂದರೆ ನಿದ್ದೆ ಹತ್ತುವುದು.

ಕೈಯಿಂದ ತಪ್ಪಾದಾಗ ಹೇಳುವ ಮಾತೂ ನಮ್ಮದರ ಹಾಗೇ ಇದೆ. ಆಫೀಸಿನಲ್ಲಿ ಒಂದು ಸಲ ಕಪ್ಪು ಒಡೆದಾಗ 'ರೊಂಪಿ ಲಾ ತಾಸಾ' ಅಂದೆ. ನಾನೇ ಒಡೆದೆ ಅಂದ ಹಾಗೆ. 'ಸೆ ಮೆ ರೊಂಪಿಯೊ' ಅನ್ನು ಅಂತ ಜೊತೆಗಿದ್ದವರು ಹೇಳಿಕೊಟ್ಟರು. ಅಂದರೆ ಒಡೆದುಹೋಯಿತು. 'ಸೆ ಮೆ ಒಲ್ವಿದೊ' ಅಂದರೆ ಮರೆತುಹೋಯಿತು. ನಾವೂ ಮರೆತೆ ಅನ್ನುವುದಕ್ಕಿಂತ ಮರೆತುಹೋಯ್ತು ಅನ್ನೋದೇ ಜಾಸ್ತಿ ಅಲ್ವಾ?

ಸ್ಪೇನಿನಲ್ಲಿ ಕಲಿತವರು ಈ ಕಡೆ ಬಂದರೆ ಒಂದು ಪದ ಬಿಟ್ಟುಬನ್ನಿ. ಅಲ್ಲಿ ಬಸ್ ಹಿಡಿಯೋಕೆ 'ಕೊಹೆರ್' ಅನ್ನುತ್ತಾರೆ. ಮೆಕ್ಸಿಕೋದಲ್ಲಿ, ಅರ್ಜೆಂಟೀನಾದಲ್ಲಿ ಅದು ಕೆಟ್ಟ ಮಾತು. ಇಲ್ಲಿ 'ತೊಮಾರ್' ಅನ್ನಬೇಕು. ಬಸ್ಸಿಗೆ ಇಲ್ಲಿ ಕಮಿಯೊನ್ ಅನ್ನುತ್ತಾರೆ. ಸ್ಪೇನಿನಲ್ಲಿ ಅದು ಲಾರಿ. ಫೋನಿನಲ್ಲಿ ಕೇಳಿಸುತ್ತಾ ಅನ್ನೋಕೂ ಇಲ್ಲಿನವರು 'ಮೆ ಎಸ್ಕುಚಾಸ್?' ಅನ್ನುವುದು ಸಾಮಾನ್ಯ. ಓಯಿರ್, ಎಸ್ಕುಚಾರ್ ಗೆರೆ ಈ ಕಡೆ ಅಷ್ಟು ಬಿಗಿಯಿಲ್ಲ.

ಮೈಸೂರು ಟೀಚರ್:

ನೀವು ಹೇಳಿದ್ದು ಸರಿ. ಎತ್ತರದ ಉದಾಹರಣೆಗೆ ನಾನು ಮಕ್ಕಳಿಗೆ ಹೇಳುವುದು ಇದು: 'ಅವಳು ಎತ್ತರದವಳಲ್ಲ' ಅಂತ ಬದಲಾಯಿಸಿ ನೋಡಿ. ಸರಾಗವಾಗಿ ಬಂದರೆ ಸೆರ್. ಮನೆ ದೊಡ್ಡದಲ್ಲ, ಸೆರ್. ಕಾಫಿಯನ್ನು 'ಬಿಸಿಯದ್ದಲ್ಲ' ಅಂತ ಯಾರೂ ಅನ್ನುವುದಿಲ್ಲ, ಅದಕ್ಕೇ ಎಸ್ತಾರ್. ಮೀಟಿಂಗು, ಮದುವೆ, ಹಬ್ಬಕ್ಕೆ 'ಇದೆ' ತೆಗೆದು 'ನಡೆಯುತ್ತೆ' ಹಾಕಿ. ಹೊಂದಿದರೆ ಸೆರ್. ಮೊದಲೇ ಬರೆಯಬೇಕಿತ್ತು, ಬಿಟ್ಟುಹೋಯಿತು. ಕೊಳ್ಳು ಮತ್ತು ಸೆ ನನಗೆ ಹೊಳೆದಿರಲಿಲ್ಲ. ನಾಳೆಯ ಕ್ಲಾಸಿನಲ್ಲೇ ಹೇಳಿಕೊಡುತ್ತೇನೆ.

ಬಿ.ಎ. ಎರಡನೇ ವರ್ಷ, ಬೆಂಗಳೂರು:

ಇಂಗ್ಲಿಷ್ ಬಿಡಿ ಅಂತ ಟೀಚರ್ ಹೇಳಿದ್ದಕ್ಕೆ ಇನ್ನೆರಡು ಸಾಕ್ಷಿ ಕೊಡುತ್ತೇನೆ. 'ಎಸ್ತೊಯ್ ಕೊನ್ಸ್ತಿಪಾದಾ' ಅಂದರೆ ಸ್ಪೇನಿನಲ್ಲಿ ನೆಗಡಿಯಾಗಿದೆ ಅಂತ. ಇಂಗ್ಲಿಷ್ ಗೊತ್ತಿದ್ದವರು ಹೊಟ್ಟೆಯ ತೊಂದರೆ ಅಂತ ತಿಳಿಯುತ್ತಾರೆ. 'ಎಂಬರಸಾದಾ' ಅಂದರೆ ಬಸುರಿ. ನಾಚಿಕೆಗೂ ಅದಕ್ಕೂ ಸಂಬಂಧವಿಲ್ಲ. ಕಸಾದಾ, ಕನ್ಸಾದಾ ಕೂಡ ನೋಡಿಕೊಳ್ಳಿ ಅಕ್ಕ. ಮೊದಲನೆಯದು ಮದುವೆಯಾಗಿದೆ, ಎರಡನೆಯದು ಸುಸ್ತಾಗಿದೆ.

ದಾವಣಗೆರೆ ಹುಡುಗಿ (ವೆಲೆನ್ಸಿಯಾ):

ಟೀಚರ್ ಮೇಡಂ, ಮೆಕ್ಸಿಕೋ ಅಣ್ಣ, ಬೆಂಗಳೂರಿನ ತಂಗಿ, ಮೂವರಿಗೂ ಕೈ ಮುಗಿಯುತ್ತೇನೆ. ನೋಟ್‌ಬುಕ್ಕಿನಲ್ಲಿ ಗೀಟು ಎಳೆದು ಕನ್ನಡ ವಾಕ್ಯ ಬರೆಯುತ್ತಾ ಕೂತೆ, ರಾತ್ರಿ ಹನ್ನೊಂದಾಯಿತು. ಗೊತ್ತಿತ್ತು, ಗೊತ್ತಾಯಿತು ಓದಿದಾಗ ಕಣ್ಣು ತುಂಬಿ ಬಂತು. ಈ ಎಂಟು ತಿಂಗಳಲ್ಲಿ ಇಲ್ಲಿ ನನ್ನ ಕನ್ನಡ ಯಾವ ಉಪಯೋಗಕ್ಕೂ ಬರಲ್ಲ ಅಂದುಕೊಂಡಿದ್ದೆ.

ಶನಿವಾರ ಅದೇ ಅಂಗಡಿಗೆ ಹೋದೆ. 'ಪೊನ್ಮೆ ದೊಸ್ ಕಿಲೊಸ್ ದೆ ನರಾಂಹಾಸ್'. ಅವರು ತಲೆ ಎತ್ತದೆ ಚೀಲ ಬಿಡಿಸಿ ಹಾಕತೊಡಗಿದರು. ಬಾಳೆಹಣ್ಣು ತೋರಿಸಿ 'ಎಸ್ತಾನ್ ವೆರ್ದೆಸ್' ಅಂದೆ. ಹೌದು ಅಂತ ಒಳಗಿನಿಂದ ಹಣ್ಣಾದ ಚಿಪ್ಪು ತಂದುಕೊಟ್ಟರು.

ಇನ್ನೊಂದು ಕೇಳಬೇಕು, ಪ್ರೆಗುಂತಾರ್. ಮೇಲಿನ ಅಜ್ಜಿಯ ಮಗ ಸರಗೊಸಾದಲ್ಲಿದ್ದಾನೆ. ನಿನ್ನೆ ಅವರು 'ಎಸ್ಪೆರೊ ಕೆ ಬೆಂಗಾ ಎಲ್ ದೊಮಿಂಗೊ' ಅಂದರು. ದೊಮಿಂಗೊ ಅಂದರೆ ಭಾನುವಾರ ಅಂತ ಗೊತ್ತು. ಎಸ್ಪೆರಾರ್‌ಗೆ ಕಾಯು ಅಂತಲೂ ಇದೆ, ಆಸೆಪಡು ಅಂತಲೂ ಇದೆ. ಮಗ ಬರುವುದು ಖಂಡಿತನಾ? ಬರುವುದಾದರೆ ಅವತ್ತು ನಾನು ಅವರಿಗೆ ತೊಂದರೆ ಕೊಡಬಾರದು ಅಂತ ಕೇಳುತ್ತಿದ್ದೇನೆ.

ಮೈಸೂರು ಟೀಚರ್:

'ಎಸ್ಪೆರೊ ಆ ಮಿ ಇಹೊ' ಅಂದಿದ್ದರೆ ಮಗನಿಗೆ ಕಾಯುತ್ತಿದ್ದೇನೆ ಅಂತ ಆಗುತ್ತಿತ್ತು. ಅವರು 'ಕೆ ಬೆಂಗಾ' ಅಂದಿದ್ದಾರೆ. ಬರ್ತಾನೆ ಅನ್ನೋದು 'ಬಿಯೆನೆ'. 'ಬೆಂಗಾ' ಅಂದರೆ ಬರಲಿ. ಭಾನುವಾರ ಬಂದರೆ ಸಾಕು ಅಂತ ಅಜ್ಜಿಯ ಆಸೆ, ಬಂದೇ ಬರ್ತಾನೆ ಅಂತ ಖಚಿತವಿಲ್ಲ. ನೀವು ಸಂಜೆ ಒಂದು ಸಲ ಮೇಲೆ ಹೋಗಿ ಬಾಗಿಲು ತಟ್ಟಿ. ಮಗ ಬಂದಿದ್ದರೆ ಮಾತಾಡಿಸಿ ಬನ್ನಿ, ಬಂದಿಲ್ಲದಿದ್ದರೆ ಸ್ವಲ್ಪ ಹೊತ್ತು ಕೂತು ಬನ್ನಿ. ಏನಾದರೂ ಸಿಹಿ ಮಾಡಿ ತಗೊಂಡು ಹೋಗಿ. ಯೆವಾರ್.